‘ಈ ಬ್ರೌಸರ್ ನಡೆಯುವುದಿಲ್ಲ’ ಎಂದು ಜಾಲತಾಣ ಬಾಗಿಲು ಹಾಕಿದರೆ

ಕಳೆದ ವರ್ಷ ಒಂದು ರಾತ್ರಿ ಎಂಟೂವರೆಯ ಹೊತ್ತಿಗೆ ಪಕ್ಕದ ಮನೆಯ ಹುಡುಗಿ ತೆರೆದ ಲ್ಯಾಪ್‌ಟಾಪನ್ನು ಆರತಿ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಳು. ಪ್ರವೇಶ ಪರೀಕ್ಷೆಯೊಂದರ ಅರ್ಜಿಗೆ ಅಂದೇ ಕೊನೆಯ ದಿನ. ಪರದೆಯ ಮೇಲೆ ಒಂದೇ ಸಾಲು: ನಿಮ್ಮ ಬ್ರೌಸರ್‌ಗೆ ಬೆಂಬಲವಿಲ್ಲ, ಕ್ರೋಮ್ ಅಥವಾ ಎಡ್ಜ್ ಬಳಸಿ. “ಅಂಕಲ್, ನೀವು ಹಾಕಿಕೊಟ್ಟದ್ದು ಇವರಿಗೆ ಬೇಡವಂತೆ” ಎಂದಳು.

ಹಾಕಿಕೊಟ್ಟವನು ನಾನೇ. ಹಳೆಯ ಲ್ಯಾಪ್‌ಟಾಪು ಕುಂಟುತ್ತಿತ್ತೆಂದು ಅದಕ್ಕೆ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಹಾಕಿ, ಫಾಲ್ಕನ್ ಎಂಬ ಹಗುರವಾದ ಬ್ರೌಸರ್ ಕೊಟ್ಟು, ಜೊತೆಗೆ ಒಂದಿಷ್ಟು ಉಪದೇಶವನ್ನೂ ಕೊಟ್ಟಿದ್ದೆ. ಆ ರಾತ್ರಿ ನನ್ನ ಕಂಪ್ಯೂಟರಿನ ಇನ್ನೊಂದು ಬ್ರೌಸರ್‌ನಲ್ಲಿ ಅರ್ಜಿ ತುಂಬಿಸಿ ಅವಳನ್ನು ಮನೆಗೆ ಕಳುಹಿಸಿದ ಮೇಲೆ, ಅದೇ ತಾಣವನ್ನು ಫಾಲ್ಕನ್‌ನಲ್ಲಿ ಮತ್ತೆ ತೆರೆದೆ. ಈ ಸಲ ಬ್ರೌಸರ್ ತನ್ನ ಹೆಸರನ್ನು ಕ್ರೋಮ್ ಎಂದು ಹೇಳಿಕೊಳ್ಳುವಂತೆ ಮಾಡಿದ್ದೆ. ಪುಟ ತೆರೆಯಿತು, ಫೋಟೊ ಅಪ್‌ಲೋಡ್ ಆಗುವ ಹಂತದವರೆಗೂ ಎಲ್ಲವೂ ಸಲೀಸಾಗಿ ನಡೆಯಿತು. ಫಾಲ್ಕನ್‌ನ ಒಳಗಿರುವುದು ಕ್ರೋಮ್‌ನ ಮೂಲವಾದ ಕ್ರೋಮಿಯಂ ಎಂಜಿನ್ನೇ; ಎಂಜಿನ್ ಎಂದರೆ ಪುಟವನ್ನು ಓದಿ ಪರದೆಯ ಮೇಲೆ ಬಿಡಿಸುವ ಭಾಗ. ಎಂಜಿನ್ ಒಂದೇ, ಕೆಲಸ ಒಂದೇ, ಹೆಸರು ಮಾತ್ರ ಬೇರೆ. ತಾಣ ತಡೆದದ್ದು ಆ ಹೆಸರನ್ನು.

ಫಾಲ್ಕನ್, ಪೇಲ್ ಮೂನ್, ಲಿಬ್ರೆವೂಲ್ಫ್, ಕ್ಯೂಟ್‌ಬ್ರೌಸರ್, ಗ್ನೋಮ್ ವೆಬ್‌ನಂಥ ಅಪರೂಪದ ಬ್ರೌಸರ್‌ಗಳನ್ನು, ಈಗೀಗ ಕೆಲವು ತಾಣಗಳಲ್ಲಿ ಫೈರ್‌ಫಾಕ್ಸನ್ನು ಕೂಡ, ಬಳಸುವವರು ಇಂಥ ಬಾಗಿಲ ಮುಂದೆ ನಿಂತಾಗ ಏನೇನು ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಕ್ರಮ ಮುಖ್ಯ. ಕಾರಣ ತಿಳಿಯದೆ ಕೈಗೆ ಸಿಕ್ಕ ಉಪಾಯವನ್ನೆಲ್ಲ ಮಾಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಹೆಸರು ಕೇಳುವ ಚಾಳಿ ಎಲ್ಲಿಂದ ಬಂತು

ಯಾವುದೇ ಪುಟವನ್ನು ಕೇಳುವಾಗ ಬ್ರೌಸರ್ ‘ಯೂಸರ್ ಏಜೆಂಟ್’ ಎಂಬ ಒಂದು ಸಾಲನ್ನು ಜೊತೆಗೆ ಕಳುಹಿಸುತ್ತದೆ. ಅದು ಬ್ರೌಸರ್‌ನ ಗುರುತಿನ ಚೀಟಿ. ಆದರೆ ಆ ಚೀಟಿಯನ್ನು ಬರೆದುಕೊಳ್ಳುವುದು ಬ್ರೌಸರ್ ತಾನೇ, ಮೊಹರು ಒತ್ತುವವರು ಯಾರೂ ಇಲ್ಲ. ಇಂದಿನ ಕ್ರೋಮ್‌ನ ಚೀಟಿಯನ್ನು ತೆಗೆದು ಓದಿದರೆ ನಗು ಬರುತ್ತದೆ. ಅದರಲ್ಲಿ ಮೊಝಿಲ್ಲಾ ಎಂದಿದೆ, ಆಪಲ್ ವೆಬ್‌ಕಿಟ್ ಎಂದಿದೆ, ‘ಕೆಎಚ್‌ಟಿಎಮ್‌ಎಲ್, ಗೆಕ್ಕೊ ಥರ’ ಎಂದಿದೆ, ಕ್ರೋಮ್ ಎಂದಿದೆ, ಕೊನೆಗೆ ಸಫಾರಿ ಎಂದೂ ಇದೆ.

1994ರಲ್ಲಿ ಬಂದ ನೆಟ್‌ಸ್ಕೇಪ್ ತನ್ನನ್ನು ಮೊಝಿಲ್ಲಾ ಎಂದು ಕರೆದುಕೊಳ್ಳುತ್ತಿತ್ತು. ಅದಕ್ಕೆ ಬರುತ್ತಿದ್ದ ವಿದ್ಯೆಗಳು ಬೇರೆಯವುಗಳಿಗೆ ಬರುತ್ತಿರಲಿಲ್ಲವಾದ್ದರಿಂದ, ಮೊಝಿಲ್ಲಾ ಎಂದವರಿಗೆ ಮಾತ್ರ ಒಳ್ಳೆಯ ಪುಟ ಬಡಿಸುವ ರೂಢಿ ಶುರುವಾಯಿತು. 1995ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಆ ಪಂಕ್ತಿಯಲ್ಲಿ ಕೂರಲು ತಾನೂ ಮೊಝಿಲ್ಲಾ ಎಂದಿತು. ಲಿನಕ್ಸ್‌ನ ಕಾಂಕರರ್ ಬ್ರೌಸರ್ ತಾನು ಮೊಝಿಲ್ಲಾದ ಎಂಜಿನ್ ಆದ ಗೆಕ್ಕೊ ಥರ ಎಂದಿತು. ಕಾಂಕರರ್‌ನ ಕೆಎಚ್‌ಟಿಎಮ್‌ಎಲ್ ಎಂಜಿನ್ನಿನಿಂದ 2003ರಲ್ಲಿ ಸಫಾರಿ ಹುಟ್ಟಿತು, ಸಫಾರಿಯ ಎಂಜಿನ್ ಹಿಡಿದು 2008ರಲ್ಲಿ ಕ್ರೋಮ್ ಬಂತು. ಹಿಂದಿನವರ ಹೆಸರನ್ನೆಲ್ಲ ಹೊತ್ತುಕೊಂಡೇ ಪ್ರತಿಯೊಬ್ಬರೂ ಒಳಗೆ ನುಗ್ಗಿದರು. ಹಾಗಾಗಿ ಚೀಟಿಯಲ್ಲಿ ಸುಳ್ಳು ಹೆಸರು ಬರೆಯುವುದು ಅಪರಾಧವೆಂದು ಯಾರಾದರೂ ನಿಮ್ಮನ್ನು ಹೆದರಿಸಿದರೆ, ಲೋಕದ ಅತಿ ದೊಡ್ಡ ಬ್ರೌಸರ್ ಇಂದಿಗೂ ದಿನನಿತ್ಯ ಹೇಳುತ್ತಿರುವ ಸುಳ್ಳನ್ನು ತೋರಿಸಿ.

ತಡೆಯುವ ಆಟವೂ ಅಷ್ಟೇ ಹಳೆಯದು. 2001ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್‌ನ ಎಂಎಸ್ಎನ್ ತಾಣ ಒಪೆರಾ ಬ್ರೌಸರ್‌ನ ಬಳಕೆದಾರರನ್ನು ಹೊರಗೆ ನಿಲ್ಲಿಸಿ ಗದ್ದಲವಾಯಿತು. 2003ರಲ್ಲಿ ಅದೇ ತಾಣ ಒಪೆರಾ 7ಕ್ಕೆ ಮಾತ್ರ ಸೊಟ್ಟ ವಿನ್ಯಾಸ ಕಳುಹಿಸಿ, ಅಕ್ಷರಗಳು ಅಂಚಿನಾಚೆ ಜಾರುವಂತೆ ಮಾಡುತ್ತಿರುವುದನ್ನು ಒಪೆರಾದವರು ಪತ್ತೆ ಹಚ್ಚಿದರು. ಸೇಡಿಗೆ ಅವರು ಬಿಟ್ಟ ವಿಶೇಷ ಆವೃತ್ತಿಯೊಂದು ಎಂಎಸ್ಎನ್ ಪುಟದ ಮಾತನ್ನೆಲ್ಲ ಮಪೆಟ್ ಬೊಂಬೆಯಾಟದ ಸ್ವೀಡಿಷ್ ಬಾಣಸಿಗನ ‘ಬೋರ್ಕ್ ಬೋರ್ಕ್’ ಭಾಷೆಗೆ ತಿರುಗಿಸಿ ತೋರಿಸುತ್ತಿತ್ತು. ಇಷ್ಟು ಹಾಸ್ಯಪ್ರಜ್ಞೆ ಈಗಿನ ಕಂಪನಿಗಳಲ್ಲಿ ಉಳಿದಿಲ್ಲ.

ಗಡುವಿದ್ದರೆ ಜಗಳ ಬೇಡ

ಹೆಜ್ಜೆಗಳನ್ನು ಎಣಿಸುವ ಮೊದಲೇ ಇದನ್ನು ಹೇಳಬೇಕು. ಹಣ ಕಟ್ಟುವುದು, ತೆರಿಗೆ ವಿವರ ಸಲ್ಲಿಸುವುದು, ಪರೀಕ್ಷೆಯ ಅರ್ಜಿ, ರೈಲು ಟಿಕೆಟ್ ಇಂಥವುಗಳ ನಡುವೆ ಬ್ರೌಸರ್ ತಕರಾರು ತೆಗೆದರೆ ತತ್ತ್ವವನ್ನು ಪಕ್ಕಕ್ಕಿಡಿ. ಕಂಪ್ಯೂಟರಿನಲ್ಲಿ ಎರಡನೆಯದೊಂದು ಬ್ರೌಸರ್ ಯಾವಾಗಲೂ ಇರಲಿ. ಅದು ಕ್ರೋಮ್, ಎಡ್ಜ್, ಸಫಾರಿಗಳಲ್ಲಿ ಒಂದಾಗಿರಲಿ, ಅದಕ್ಕೆ ಯಾವ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಮೇಲಿನಿಂದ ಸೇರಿಸುವ ಕಿರುತಂತ್ರಾಂಶ) ಕೂಡ ಬೇಡ. ಅದನ್ನು ಇಂಥ ಕೆಲಸಗಳಿಗೆ ಮಾತ್ರ ತೆರೆಯಿರಿ. ನನ್ನ ಮನೆಯಲ್ಲಿ ಅದಕ್ಕೆ ‘ಮದುವೆ ಅಂಗಿ’ ಎಂದು ಹೆಸರು. ವರ್ಷಕ್ಕೆ ಏಳೆಂಟು ಸಲ ತೊಡುವುದು, ಮತ್ತೆ ಪೆಟ್ಟಿಗೆಗೆ.

ಕೆಳಗಿನ ಹೆಜ್ಜೆಗಳನ್ನು ಕೆಲಸ ಮುಗಿದ ಮೇಲೆ, ನೆಮ್ಮದಿಯಾಗಿ ಕುಳಿತು ಮಾಡಿ.

ಹೆಜ್ಜೆ 1: ಬಾಗಿಲ ಮೇಲೆ ಬರೆದದ್ದನ್ನು ಪೂರ್ತಿ ಓದಿ

ತಡೆ ಎಂದರೆ ಒಂದೇ ಬಗೆಯಲ್ಲ. ಪರದೆಯ ಮೇಲೆ ಕಾಣುವುದರಲ್ಲೇ ಅರ್ಧ ಉತ್ತರ ಇರುತ್ತದೆ.

‘ನಿಮ್ಮ ಬ್ರೌಸರ್‌ಗೆ ಬೆಂಬಲವಿಲ್ಲ’ ಎಂದು ತಾಣ ತನ್ನದೇ ಲಾಂಛನದ ಕೆಳಗೆ ಹೇಳಿದರೆ, ಅದು ಬಹುಮಟ್ಟಿಗೆ ಹೆಸರು ನೋಡಿ ಮಾಡಿದ ತಡೆ. ‘ನೀವು ಮನುಷ್ಯರೇ ಎಂದು ಪರಿಶೀಲಿಸುತ್ತಿದ್ದೇವೆ’ ಎಂಬ ಪುಟ ಬಂದು, ಚೌಕ ಒತ್ತಿದರೂ ಮತ್ತೆ ಮತ್ತೆ ಅದೇ ಪುಟ ಸುತ್ತುತ್ತಿದ್ದರೆ, ತಡೆಯುತ್ತಿರುವುದು ತಾಣವಲ್ಲ; ತಾಣದವರು ಕಾವಲಿಗಿಟ್ಟುಕೊಂಡ ಕ್ಲೌಡ್‌ಫ್ಲೇರ್‌ನಂಥ ಮಧ್ಯದ ಕಂಪನಿ. ‘ಪ್ರವೇಶ ನಿರಾಕರಿಸಲಾಗಿದೆ’ ಅಥವಾ 403 ಎಂದು ಬಂದು ಕೆಳಗೆ ಉದ್ದನೆಯ ಸಂಖ್ಯೆಯೊಂದಿದ್ದರೆ, ಕಾರಣ ಬ್ರೌಸರ್‌ಗಿಂತ ಹೆಚ್ಚಾಗಿ ನಿಮ್ಮ ಇಂಟರ್ನೆಟ್ ವಿಳಾಸ (ಐಪಿ) ಆಗಿರುವ ಸಾಧ್ಯತೆ ಹೆಚ್ಚು. ಗೂಗಲ್ ಲಾಗಿನ್‌ನಲ್ಲಿ ‘ಈ ಬ್ರೌಸರ್ ಅಥವಾ ಆ್ಯಪ್ ಸುರಕ್ಷಿತವಾಗಿಲ್ಲದಿರಬಹುದು’ ಎಂದು ಬಂದರೆ ಅದಕ್ಕೆ ಬೇರೆಯೇ ಕಥೆ ಇದೆ, ಮುಂದೆ ಹೇಳುತ್ತೇನೆ. ಎಲ್ಲಕ್ಕಿಂತ ಕೆಟ್ಟದ್ದು ಏನೂ ಹೇಳದೆ ಸುಮ್ಮನಿರುವ ತಡೆ: ಪುಟ ತೆರೆಯುತ್ತದೆ, ಗುಂಡಿ ಕಾಣುತ್ತದೆ, ಒತ್ತಿದರೆ ಏನೂ ಆಗುವುದಿಲ್ಲ.

ಕಂಡದ್ದರ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಪುಟದ ತಳದಲ್ಲಿ ‘ರೇ ಐಡಿ’ ಅಥವಾ ‘ರೆಫರೆನ್ಸ್’ ಎಂದು ಸಂಖ್ಯೆ ಇದ್ದರೆ ಅದೂ ಚಿತ್ರದಲ್ಲಿ ಬರಲಿ. ದೂರು ಕೊಡುವಾಗ ಆ ಸಂಖ್ಯೆಯೇ ಸಾಕ್ಷಿ.

ಇಲ್ಲಿ ಒಂದು ಎಚ್ಚರಿಕೆ, ಈ ಲೇಖನದಲ್ಲಿ ಒಂದೇ ಒಂದು ಪ್ಯಾರಾ ಓದುವುದಾದರೆ ಇದನ್ನು ಓದಿ. ‘ನಿಮ್ಮ ಬ್ರೌಸರ್ ಹಳೆಯದಾಗಿದೆ, ಇಲ್ಲಿ ಒತ್ತಿ ಅಪ್‌ಡೇಟ್ ಮಾಡಿ’ ಎಂದು ಪುಟವೇ ಕಡತವೊಂದನ್ನು ಇಳಿಸಿಕೊಳ್ಳಲು ಹೇಳಿದರೆ ಅದು ಮೋಸ. ಕನ್ನ ಹಾಕಿದ ಸಾಚಾ ತಾಣಗಳ ಮೇಲೂ ಇಂಥ ಸುಳ್ಳು ಅಪ್‌ಡೇಟ್ ಪುಟಗಳನ್ನು ಕಳ್ಳರು ಅಂಟಿಸುತ್ತಾರೆ. ಇದರ ಹೊಸ ಅವತಾರ ಇನ್ನೂ ಜಾಣತನದ್ದು: ‘ನೀವು ಮನುಷ್ಯರೆಂದು ಸಾಬೀತುಪಡಿಸಲು ವಿಂಡೋಸ್ ಕೀಲಿ ಮತ್ತು ಆರ್ ಒತ್ತಿ, ಬಂದ ಪೆಟ್ಟಿಗೆಯಲ್ಲಿ ಪೇಸ್ಟ್ ಮಾಡಿ, ಎಂಟರ್ ಒತ್ತಿ’ ಎನ್ನುತ್ತದೆ. ಹಾಗೆ ಮಾಡಿದರೆ, ನಿಮಗೆ ಗೊತ್ತಿಲ್ಲದೆ ಆ ಪುಟ ಕ್ಲಿಪ್‌ಬೋರ್ಡಿನಲ್ಲಿ ಇಟ್ಟ ಕಳ್ಳ ಆದೇಶವನ್ನು ನಿಮ್ಮ ಕೈಯಾರೆ ಓಡಿಸಿದಂತಾಯಿತು. ನಿಜವಾದ ಯಾವ ಪರಿಶೀಲನೆಯೂ ಬ್ರೌಸರ್‌ನ ಹೊರಗೆ ಬಂದು ಕೀಲಿ ಒತ್ತಲು ಹೇಳುವುದಿಲ್ಲ. ಅಪ್‌ಡೇಟನ್ನು ಬ್ರೌಸರ್‌ನ ಮೆನುವಿನಿಂದ ಅಥವಾ ಫೋನಿನ ಆ್ಯಪ್ ಅಂಗಡಿಯಿಂದ ಮಾತ್ರ ಮಾಡಿ.

ಹೆಜ್ಜೆ 2: ತಪ್ಪು ನಮ್ಮದೇ ಇರಬಹುದೇ

ಅಪರೂಪದ ಬ್ರೌಸರ್ ಬಳಸುವವರಿಗೆ ಒಂದು ಸಣ್ಣ ಹಮ್ಮು ಇರುತ್ತದೆ, ನನಗೂ ಇದೆ. ಏನು ಕೆಟ್ಟರೂ ತಾಣದವರನ್ನು ಬೈಯುತ್ತೇವೆ. ಬೈಯುವ ಮೊದಲು ಐದು ನಿಮಿಷ ಕೊಡಿ.

ಖಾಸಗಿ (ಇನ್‌ಕಾಗ್ನಿಟೊ) ಕಿಟಕಿಯಲ್ಲಿ ಅದೇ ವಿಳಾಸ ತೆರೆಯಿರಿ. ಅಲ್ಲಿ ಹಳೆಯ ಕುಕಿಗಳು, ಎಂದರೆ ತಾಣ ನಿಮ್ಮ ಬ್ರೌಸರ್‌ನಲ್ಲಿ ಬಿಟ್ಟುಹೋದ ಗುರುತುಗಳು, ಇರುವುದಿಲ್ಲ; ಸಾಮಾನ್ಯವಾಗಿ ಎಕ್ಸ್‌ಟೆನ್ಶನ್‌ಗಳೂ ಓಡುವುದಿಲ್ಲ. ತೆರೆದರೆ, ತಪ್ಪು ಕುಕಿಯದೋ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್‌ನದೋ ಆಗಿರುತ್ತದೆ. ಬ್ರೇವ್ ಬಳಸುವವರು ಸಿಂಹದ ಚಿಹ್ನೆ ಒತ್ತಿ ಆ ತಾಣಕ್ಕೆ ಮಾತ್ರ ರಕ್ಷಣೆ ಇಳಿಸಿ ನೋಡಬೇಕು. ಲಿಬ್ರೆವೂಲ್ಫ್‌ನಲ್ಲಿ, ಟಾರ್ ಬ್ರೌಸರ್‌ನಲ್ಲಿ ಗುರುತು ಮರೆಸುವ ಸೌಲಭ್ಯ ಮೊದಲಿನಿಂದಲೇ ಚಾಲೂ ಇರುತ್ತದೆ. ಅದು ಮಾಡುವ ಕೆಲಸಗಳಲ್ಲಿ ಒಂದು, ನಿಮ್ಮ ಗಡಿಯಾರವನ್ನು ಗ್ರೀನಿಚ್ ವೇಳೆಯೆಂದು ತಾಣಕ್ಕೆ ಹೇಳುವುದು. ಭಾರತದಲ್ಲಿ ಕೂತವರಿಗೆ ಎಲ್ಲ ಸಮಯವೂ ಐದೂವರೆ ಗಂಟೆ ಹಿಂದೆ ಕಾಣುತ್ತದೆ. ವೈದ್ಯರ ಭೇಟಿಗೆ ಬೆಳಿಗ್ಗೆ ಹತ್ತರ ಹೊತ್ತನ್ನು ಗೊತ್ತುಮಾಡಿಕೊಂಡೆನೆಂದು ನಂಬಿದ್ದವನಿಗೆ ಮಧ್ಯಾಹ್ನ ಮೂರೂವರೆಯ ಚೀಟಿ ಬಂದದ್ದು ನನ್ನದೇ ಅನುಭವ.

ಇನ್ನು ಕಂಪ್ಯೂಟರಿನ ತಾರೀಖು ಸರಿ ಇದೆಯೇ ನೋಡಿ. ಹಳೆಯ ಯಂತ್ರಗಳಲ್ಲಿ ಒಳಗಿನ ಬಟನ್ ಬ್ಯಾಟರಿ ಸತ್ತು ವರ್ಷ ಹಿಂದಕ್ಕೆ ಹೋಗಿದ್ದರೆ ಸುರಕ್ಷಿತ ತಾಣ ಯಾವುದೂ ತೆರೆಯುವುದಿಲ್ಲ.

ಕೊನೆಯದಾಗಿ ಆವೃತ್ತಿ. ಅಪರೂಪದ್ದು ಬೇರೆ, ಹಳೆಯದು ಬೇರೆ, ಇವೆರಡನ್ನು ಕಲಸಬೇಡಿ. ವಿಂಡೋಸ್ 7ರಲ್ಲಿ ಕ್ರೋಮ್ 109ರ ಆಚೆ ಬರುವುದಿಲ್ಲ, ಆಂಡ್ರಾಯ್ಡ್ 7ರಲ್ಲಿ 119ರ ಆಚೆ ಬರುವುದಿಲ್ಲ. 2017ರಲ್ಲಿ ಬಂದು ಹಳ್ಳಿಹಳ್ಳಿಗೂ ತಲುಪಿದ ಜಿಯೋಫೋನ್‌ನ ಕೈಓಎಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ಇದ್ದದ್ದು 2016ರ ಫೈರ್‌ಫಾಕ್ಸ್ 48ರ ಕಾಲದ ಎಂಜಿನ್. ಇಂಥ ಸಾಧನಗಳನ್ನು ಬ್ಯಾಂಕಿನ ತಾಣ ತಡೆದರೆ ಅದರಲ್ಲಿ ನ್ಯಾಯವಿದೆ, ಹೆಸರು ಬದಲಿಸಿ ನುಗ್ಗುವುದು ನಿಮಗೇ ಅಪಾಯ. ಅರ್ಜಿ, ಪ್ರಮಾಣಪತ್ರದ ಕೆಲಸವಾದರೆ ಗ್ರಾಮ ಒನ್ ಅಥವಾ ಕರ್ನಾಟಕ ಒನ್ ಕೇಂದ್ರಕ್ಕೆ ಹೋಗುವುದು ಲೇಸು.

ಹೆಜ್ಜೆ 3: ಬ್ರೌಸರ್ ಬಿಟ್ಟು ಸಂಪರ್ಕ ಬದಲಿಸಿ

ಅದೇ ಬ್ರೌಸರ್, ಅದೇ ಪುಟ, ಆದರೆ ಮನೆಯ ವೈಫೈ ಬದಲು ಮೊಬೈಲ್ ಹಾಟ್‌ಸ್ಪಾಟ್. ನಿಮ್ಮ ಇಂಟರ್ನೆಟ್ ವಿಳಾಸ ಮರೆಸುವ ವಿಪಿಎನ್ ಇದ್ದರೆ ಅದನ್ನು ಆಫ್ ಮಾಡಿ. ಈಗ ತೆರೆದರೆ ಬ್ರೌಸರ್‌ನದು ಏನೂ ತಪ್ಪಿಲ್ಲ, ನಿಮ್ಮ ಇಂಟರ್ನೆಟ್ ವಿಳಾಸದ ಮೇಲೆ ಯಾರಿಗೋ ಗುಮಾನಿ ಇದೆ. ನಮ್ಮಲ್ಲಿ ಒಂದೇ ವಿಳಾಸವನ್ನು ನೂರಾರು ಮನೆಗಳಿಗೆ ಹಂಚುವುದು ಸಾಮಾನ್ಯ. ಆ ನೂರರಲ್ಲಿ ಒಬ್ಬರ ಕಂಪ್ಯೂಟರಿಗೆ ರೋಗ ತಗುಲಿದರೂ ಉಳಿದವರಿಗೆಲ್ಲ ಬಾಗಿಲು ಬಿಗಿಯಾಗುತ್ತದೆ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಈ ಹೆಜ್ಜೆ ಇನ್ನೂ ಮುಖ್ಯ. ಭಾರತದ ಹಲವು ಸರ್ಕಾರಿ ತಾಣಗಳು ವಿದೇಶದ ವಿಳಾಸಗಳಿಗೆ ತೆರೆಯುವುದೇ ಇಲ್ಲ. ಊರಿನ ಜಮೀನಿನ ದಾಖಲೆ ನೋಡಲು ದುಬೈಯಲ್ಲೋ ಡಲ್ಲಾಸ್‌ನಲ್ಲೋ ಕೂತು ನಾಲ್ಕು ಬ್ರೌಸರ್ ಬದಲಿಸಿ ಸುಸ್ತಾದವರಿದ್ದಾರೆ. ಅಲ್ಲಿ ಬ್ರೌಸರ್ ಬದಲಿಸುವುದು ವ್ಯರ್ಥ. ಊರಿನಲ್ಲಿರುವ ಅಣ್ಣನಿಗೋ ತಂಗಿಗೋ ಅದೇ ಪುಟ ತೆರೆಯಲು ಹೇಳಿ. ಅವರಿಗೆ ತೆರೆದು ನಿಮಗೆ ತೆರೆಯದಿದ್ದರೆ ವಿಷಯ ಇತ್ಯರ್ಥ.

ಹೆಜ್ಜೆ 4: ಹೆಸರನ್ನು ಮಾತ್ರ ಬದಲಿಸಿ ನೋಡಿ

ಇಲ್ಲಿಯವರೆಗೆ ಯಾವುದೂ ಫಲಿಸದೆ, ಅದೇ ಸಂಪರ್ಕದಲ್ಲಿ ಕ್ರೋಮ್‌ಗೆ ತೆರೆಯುವ ಪುಟ ನಿಮ್ಮ ಬ್ರೌಸರ್‌ಗೆ ತೆರೆಯುತ್ತಿಲ್ಲವೆಂದರೆ ಈಗ ವೇಷ ಹಾಕುವ ಸಮಯ. ನಿಯಮ ಒಂದೇ: ಬೇರೇನನ್ನೂ ಮುಟ್ಟದೆ ಯೂಸರ್ ಏಜೆಂಟ್ ಒಂದನ್ನೇ ಬದಲಿಸಬೇಕು. ಆಗ ಮಾತ್ರ ಫಲಿತಾಂಶದಿಂದ ಏನಾದರೂ ತಿಳಿಯುತ್ತದೆ.

ಮೊದಲು ಒಂದು ಸಾಚಾ ಸಾಲು ಬೇಕು. ನಿಮ್ಮ ‘ಮದುವೆ ಅಂಗಿ’ ಬ್ರೌಸರ್‌ನಲ್ಲಿ ಯಾವುದಾದರೂ ಹುಡುಕುತಾಣ ತೆರೆದು ‘ನನ್ನ ಯೂಸರ್ ಏಜೆಂಟ್ ಏನು’ ಎಂದು ಇಂಗ್ಲಿಷಿನಲ್ಲಿ ಹುಡುಕಿದರೆ, ಅದನ್ನು ತೋರಿಸುವ ತಾಣಗಳು ಸಿಗುತ್ತವೆ. ಅದನ್ನು ನಕಲು ಮಾಡಿಟ್ಟುಕೊಳ್ಳಿ. ಅಂತರ್ಜಾಲದಲ್ಲಿ ಸಿಗುವ ಹಳೆಯ ಪಟ್ಟಿಗಳಿಂದ ಎತ್ತಬೇಡಿ. ಐದು ವರ್ಷ ಹಿಂದಿನ ಕ್ರೋಮ್‌ನ ವೇಷ ಹಾಕಿದರೆ ‘ಹಳೆಯ ಬ್ರೌಸರ್’ ಎಂಬ ಹೊಸ ತಡೆಯನ್ನು ನೀವೇ ಕರೆದು ತಂದಂತೆ.

ಸಾಲನ್ನು ಹಾಕುವ ಜಾಗ ಬ್ರೌಸರ್‌ನಿಂದ ಬ್ರೌಸರ್‌ಗೆ ಬೇರೆ. ಫಾಲ್ಕನ್‌ನ ಆದ್ಯತೆಗಳಲ್ಲಿ ಯೂಸರ್ ಏಜೆಂಟ್ ಮ್ಯಾನೇಜರ್ ಎಂಬ ಗುಂಡಿಯೇ ಇದೆ, ತಾಣದ ಹೆಸರು ಬರೆದು ಅದರ ಮುಂದೆ ಬೇಕಾದ ಸಾಲು ಹಾಕಬಹುದು. ಮ್ಯಾಕ್‌ನ ಸಫಾರಿಯಲ್ಲಿ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ವಿಭಾಗದಲ್ಲಿ ಡೆವಲಪರ್ ಸೌಲಭ್ಯಗಳನ್ನು ತೋರಿಸಲು ಹೇಳಿದರೆ, ಮೇಲಿನ ಪಟ್ಟಿಯಲ್ಲಿ ಡೆವಲಪ್ ಎಂಬ ಮೆನು ಬರುತ್ತದೆ, ಅದರೊಳಗೆ ಯೂಸರ್ ಏಜೆಂಟ್ ಇದೆ. ಕ್ರೋಮಿಯಂ ಮೂಲದ ಬ್ರೌಸರ್‌ಗಳಲ್ಲಿ ಎಫ್12 ಒತ್ತಿ, ತೆರೆದ ಕಿಟಕಿಯ ಮೂರು ಚುಕ್ಕೆಯ ಮೆನುವಿನಲ್ಲಿ ಮೋರ್ ಟೂಲ್ಸ್, ಅಲ್ಲಿಂದ ನೆಟ್‌ವರ್ಕ್ ಕಂಡಿಷನ್ಸ್‌ಗೆ ಹೋಗಿ ‘ಬ್ರೌಸರ್‌ನದ್ದೇ ಬಳಸು’ ಎಂಬುದರ ಟಿಕ್ ತೆಗೆಯಬೇಕು. ಆ ಕಿಟಕಿ ತೆರೆದಿರುವವರೆಗೆ ಮಾತ್ರ ಅದು ನಡೆಯುತ್ತದೆ, ಪರೀಕ್ಷೆಗೆ ಅಷ್ಟು ಸಾಕು. ಫೈರ್‌ಫಾಕ್ಸ್ ಬಳಸುವವರಿಗೆ ಯೂಸರ್ ಏಜೆಂಟ್ ಬದಲಿಸುವ ಎಕ್ಸ್‌ಟೆನ್ಶನ್‌ಗಳು ಅದರ ಅಧಿಕೃತ ಅಂಗಡಿಯಲ್ಲೇ ಸಿಗುತ್ತವೆ. ತಾಣವಾರು ಬದಲಿಸಲು ಬಿಡುವ ಒಂದನ್ನು ಆರಿಸಿಕೊಳ್ಳಿ. ಪೇಲ್ ಮೂನ್‌ನ ಒಳ ಸೆಟ್ಟಿಂಗ್‌ಗಳಲ್ಲಿ ತಾಣದ ಹೆಸರು ಸೇರಿಸಿ ಪ್ರತ್ಯೇಕ ಸಾಲು ಕೊಡುವ ವ್ಯವಸ್ಥೆ ಇದೆ, ಕ್ಯೂಟ್‌ಬ್ರೌಸರ್‌ನಲ್ಲೂ ಇದೆ.

ತಾಣವಾರು ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಎಲ್ಲ ಕಡೆಯೂ ಕ್ರೋಮ್ ಎಂದು ಹೇಳಿಕೊಂಡರೆ ಲೋಕದ ಲೆಕ್ಕದಲ್ಲಿ ನಿಮ್ಮ ಬ್ರೌಸರ್ ಇಲ್ಲವೇ ಇಲ್ಲ. 2019ರ ಡಿಸೆಂಬರ್‌ನಲ್ಲಿ ವಿವಾಲ್ಡಿ ಎಂಬ ಬ್ರೌಸರ್ ಇದೇ ಸಂಕಟಕ್ಕೆ ಸಿಕ್ಕಿತು. ಅದರ ಹೆಸರು ಕಂಡೊಡನೆ ಬಾಗಿಲು ಹಾಕುವ ತಾಣಗಳು ಹೆಚ್ಚಿ, 2.10ನೆಯ ಆವೃತ್ತಿಯಿಂದ ಅದು ತನ್ನ ಹೆಸರನ್ನೇ ಚೀಟಿಯಿಂದ ತೆಗೆದು ಕ್ರೋಮ್‌ನ ಸಾಲನ್ನೇ ಕಳುಹಿಸತೊಡಗಿತು. ಬಳಕೆದಾರರಿಗೆ ಸಲೀಸಾಯಿತು, ಎಣಿಕೆಯಲ್ಲಿ ವಿವಾಲ್ಡಿ ಮಾಯವಾಯಿತು. ‘ಈ ಬ್ರೌಸರನ್ನು ಯಾರೂ ಬಳಸುವುದಿಲ್ಲ, ಪರೀಕ್ಷಿಸುವುದೇಕೆ’ ಎನ್ನುವ ತಾಣದವರ ಕೈಗೆ ಆ ಎಣಿಕೆಯೇ ಆಧಾರವಾಗುತ್ತದೆ. ಬಾಗಿಲಿಗೊಂದು ವೇಷ ಸಾಕು, ಬೀದಿಯಲ್ಲಿ ಓಡಾಡುವಾಗ ಸ್ವಂತ ಮುಖವೇ ಇರಲಿ.

ವೇಷ ಹಾಕಿದ ಮೇಲೆ ಪುಟ ತೆರೆದರೆ ಹೊರಗೆ ನಿಂತು ಸಂಭ್ರಮಿಸಬೇಡಿ, ಒಳಗೆ ಹೋಗಿ ಕೆಲಸ ಮಾಡಿ ನೋಡಿ. ಫಾರಂ ತುಂಬುತ್ತದೆಯೇ, ಕಡತ ಏರುತ್ತದೆಯೇ, ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆಯೇ? ಎಲ್ಲವೂ ಆದರೆ, ತಡೆಗೆ ಹೆಸರಲ್ಲದೆ ಬೇರೆ ಆಧಾರವಿರಲಿಲ್ಲ ಎಂದು ನಿಮಗೆ ಖಚಿತವಾಗಿ ಗೊತ್ತು.

ಹೆಜ್ಜೆ 5: ವೇಷಕ್ಕೂ ಬಗ್ಗದಿದ್ದರೆ

ಹೆಸರು ಬದಲಿಸಿದರೂ ಬಾಗಿಲು ತೆರೆಯದಿದ್ದರೆ ಎರಡು ಸಾಧ್ಯತೆ.

ಒಂದು, ನಿಮ್ಮ ಬ್ರೌಸರ್‌ಗೆ ಆ ವಿದ್ಯೆ ನಿಜವಾಗಿಯೂ ಬರುವುದಿಲ್ಲ. ಸಿನಿಮಾ ತೋರಿಸುವ ತಾಣಗಳಿಗೆ ವೈಡ್‌ವೈನ್ ಎಂಬ ನಕಲು ತಡೆ ಬೇಕು; ಅದರ ಪರವಾನಗಿ ಇಲ್ಲದ ಸಣ್ಣ ಬ್ರೌಸರ್‌ಗಳಲ್ಲಿ ಚಿತ್ರ ಓಡುವುದಿಲ್ಲ. ಯುಎಸ್‌ಬಿ ಸಾಧನದ ಜೊತೆ ನೇರವಾಗಿ ಮಾತಾಡುವ ಪುಟ ‘ಕ್ರೋಮ್ ಬಳಸಿ’ ಎಂದರೆ ಅದು ಸತ್ಯವನ್ನೇ ಹೇಳುತ್ತಿದೆ, ಫೈರ್‌ಫಾಕ್ಸ್, ಸಫಾರಿಗಳು ಆ ಸೌಲಭ್ಯವನ್ನು ಬೇಕೆಂದೇ ಕೊಟ್ಟಿಲ್ಲ. ಇಂಥಲ್ಲಿ ಹಟ ಮಾಡಿ ಲಾಭವಿಲ್ಲ.

ಎರಡು, ಕಾವಲುಗಾರ ಚೀಟಿಯೊಂದನ್ನೇ ನಂಬುತ್ತಿಲ್ಲ, ಮಾತಿನ ಧಾಟಿಯನ್ನೂ ಕೇಳುತ್ತಿದ್ದಾನೆ. ಸುರಕ್ಷಿತ ಸಂಪರ್ಕ ಕುದುರಿಸುವ ಮೊದಲ ಮಾತಿನಲ್ಲೇ ಬ್ರೌಸರ್ ತನಗೆ ಬರುವ ಗುಪ್ತಲಿಪಿ ಪದ್ಧತಿಗಳ ಪಟ್ಟಿಯನ್ನು ಸರ್ವರ್‌ಗೆ ಕೊಡುತ್ತದೆ. ಪಟ್ಟಿಯಲ್ಲಿ ಏನಿದೆ, ಯಾವುದರ ಹಿಂದೆ ಯಾವುದು ಬರುತ್ತದೆ ಎಂಬುದು ಪ್ರತಿ ಬ್ರೌಸರ್‌ಗೂ ಒಂದೊಂದು ಬಗೆ. ಅದನ್ನು ಹಿಡಿದು ಬ್ರೌಸರ್ ಗುರುತಿಸುವ ಜೆಎ3 ಎಂಬ ವಿಧಾನವನ್ನು 2017ರಲ್ಲಿ ಸೇಲ್ಸ್‌ಫೋರ್ಸ್ ಕಂಪನಿಯ ಎಂಜಿನಿಯರುಗಳು ಪ್ರಕಟಿಸಿದರು, 2023ರಲ್ಲಿ ಜೆಎ4 ಬಂತು. ಇದಲ್ಲದೆ ಪುಟದೊಳಗೆ ಓಡುವ ಜಾವಾಸ್ಕ್ರಿಪ್ಟ್ ಎಂಬ ಕೋಡ್ ಚಿತ್ರವೊಂದನ್ನು ಬರೆಸಿ ಅದರ ಚುಕ್ಕೆಗಳನ್ನು ಅಳೆಯುತ್ತದೆ, ಯಾವ ಯಾವ ಸೌಲಭ್ಯಗಳಿವೆ ಎಂದು ಒಂದೊಂದಾಗಿ ತಟ್ಟಿ ನೋಡುತ್ತದೆ. ಕ್ರೋಮ್ ವಂಶದವು 2021ರಿಂದ ‘ಕ್ಲೈಂಟ್ ಹಿಂಟ್ಸ್’ ಎಂಬ ಎರಡನೆಯ ಚೀಟಿಯನ್ನೂ ಕಳುಹಿಸುತ್ತವೆ, ಫೈರ್‌ಫಾಕ್ಸ್ ಕಳುಹಿಸುವುದಿಲ್ಲ. ಫೈರ್‌ಫಾಕ್ಸ್ ಕ್ರೋಮ್‌ನ ವೇಷ ಹಾಕಿಕೊಂಡು ಹೋದರೆ, ಧಾರವಾಡದವನು ತಾನು ಮಂಗಳೂರಿನವನೆಂದು ಹೇಳಿಕೊಂಡು ಬಾಯಿ ತೆರೆದ ಹಾಗಾಗುತ್ತದೆ. ಮೊದಲು ಬರೀ ಅಪರಿಚಿತನಾಗಿದ್ದವನು ಈಗ ಸುಳ್ಳುಗಾರನೂ ಆದ.

ಆದ್ದರಿಂದ ‘ಮನುಷ್ಯರೇ ಎಂದು ಪರಿಶೀಲಿಸುತ್ತಿದ್ದೇವೆ’ ಎಂಬ ಪುಟದಲ್ಲಿ ಸಿಕ್ಕಿಬಿದ್ದಾಗ ವೇಷ ಹಾಕಬೇಡಿ, ಹಾಕಿದ್ದರೆ ತೆಗೆಯಿರಿ. ಜಾವಾಸ್ಕ್ರಿಪ್ಟ್ ಮತ್ತು ಕುಕಿಗಳನ್ನು ಆ ತಾಣಕ್ಕೆ ಬಿಡಿ, ಗುರುತು ಮರೆಸುವ ಸೌಲಭ್ಯವನ್ನು ಆ ತಾಣದ ಮಟ್ಟಿಗೆ ಸಡಿಲಿಸಿ, ಪುಟ ಮರುಲೋಡ್ ಮಾಡಿ. ಇಷ್ಟಾದರೂ ಆಗದಿದ್ದರೆ ನಿಮ್ಮ ಕೈಯಲ್ಲಿ ಏನೂ ಇಲ್ಲ. 2025ರ ಆರಂಭದಲ್ಲಿ ಪೇಲ್ ಮೂನ್ ಮತ್ತು ಅಂಥ ಇನ್ನೂ ಕೆಲವು ಬ್ರೌಸರ್‌ಗಳ ಬಳಕೆದಾರರು ಕ್ಲೌಡ್‌ಫ್ಲೇರ್ ಕಾವಲಿನ ಅನೇಕ ತಾಣಗಳಿಂದ ಹೀಗೆ ಹೊರಗುಳಿದಿದ್ದರು. ಒಂದು ಕಂಪನಿಯ ಒಂದು ಪರೀಕ್ಷೆ ಬದಲಾದರೆ ಅಸಂಖ್ಯ ತಾಣಗಳು ಒಟ್ಟಿಗೇ ಮುಚ್ಚುತ್ತವೆ, ತಾಣದ ಮಾಲೀಕರಿಗೆ ಅದರ ಸುಳಿವೂ ಇರುವುದಿಲ್ಲ.

ಗೂಗಲ್ ಲಾಗಿನ್‌ನ ಕಥೆ ಹೇಳುತ್ತೇನೆಂದಿದ್ದೆ. ಕಳ್ಳರು ತಮ್ಮ ಆ್ಯಪಿನೊಳಗೆ ಸಾಚಾ ಲಾಗಿನ್ ಪುಟವನ್ನೇ ತೆರೆದು, ನಡುವೆ ಕೂತು ಪಾಸ್‌ವರ್ಡ್ ಕದಿಯುವುದನ್ನು ತಪ್ಪಿಸಲು 2019ರಲ್ಲಿ ಗೂಗಲ್ ಒಳಹುದುಗಿಸಿದ ಬ್ರೌಸರ್‌ಗಳಿಗೆ ಲಾಗಿನ್ ನಿಲ್ಲಿಸಿತು. ಕಾರಣ ಒಳ್ಳೆಯದೇ. ಆದರೆ ಆ ವರ್ಷದ ಕೊನೆಗೆ ಫಾಲ್ಕನ್, ಕಾಂಕರರ್, ಕ್ಯೂಟ್‌ಬ್ರೌಸರ್‌ಗಳಂಥ ಪೂರ್ಣ ಬ್ರೌಸರ್‌ಗಳೂ ಅದೇ ಬಲೆಗೆ ಬಿದ್ದವು. ಕ್ಯೂಟ್‌ಬ್ರೌಸರ್‌ನವರು ಗೂಗಲ್ ಲಾಗಿನ್ ಪುಟಕ್ಕೆ ಮಾತ್ರ ಫೈರ್‌ಫಾಕ್ಸ್ ಎಂದು ಹೇಳಿಕೊಳ್ಳುವ ಏರ್ಪಾಡನ್ನು ಬ್ರೌಸರ್‌ನೊಳಗೇ ಇಟ್ಟರು. ನಿಮ್ಮದರಲ್ಲಿ ಆ ಸಂದೇಶ ಬಂದರೆ ಅದೇ ಉಪಾಯ ಮಾಡಿ ನೋಡಿ. ಮೊಬೈಲಿನಲ್ಲಿ ಇನ್ನೊಂದು ಆ್ಯಪಿನೊಳಗೇ ತೆರೆದುಕೊಂಡ ಪುಟದಲ್ಲಿ ಬಂದರೆ, ವೇಷ ಬೇಡ; ಕೊಂಡಿಯನ್ನು ಸರಿಯಾದ ಬ್ರೌಸರ್‌ನಲ್ಲಿ ತೆರೆಯಿರಿ.

ಹೆಜ್ಜೆ 6: ದೂರು ಕೊಡಿ, ಅಡ್ಡದಾರಿ ಸಿಕ್ಕರೂ ಕೊಡಿ

ವೇಷ ಹಾಕಿ ಒಳಗೆ ಹೋದವರು ಸಾಮಾನ್ಯವಾಗಿ ದೂರು ಕೊಡುವುದಿಲ್ಲ, ಕೆಲಸ ಆಯಿತಲ್ಲ. ಹಾಗಾಗಿ ತಡೆ ಹಾಗೇ ಉಳಿಯುತ್ತದೆ. ಫೈರ್‌ಫಾಕ್ಸ್‌ನ ಮೆನುವಿನಲ್ಲೇ ಕೆಟ್ಟ ತಾಣದ ಬಗ್ಗೆ ತಿಳಿಸುವ ಆಯ್ಕೆ ಇದೆ. ಮೊಝಿಲ್ಲಾದವರು ನಡೆಸುವ ವೆಬ್‌ಕಾಂಪ್ಯಾಟ್.ಕಾಮ್‌ನಲ್ಲೂ ದಾಖಲಿಸಬಹುದು. ಈ ದೂರುಗಳು ಕಸದ ಬುಟ್ಟಿಗೆ ಹೋಗುವುದಿಲ್ಲ. ಫೈರ್‌ಫಾಕ್ಸ್‌ನ ವಿಳಾಸಪಟ್ಟಿಯಲ್ಲಿ ‘ಅಬೌಟ್:ಕಾಂಪ್ಯಾಟ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ನೋಡಿ, ಯಾವ ಯಾವ ತಾಣಕ್ಕೆ ಫೈರ್‌ಫಾಕ್ಸ್ ಸದ್ದಿಲ್ಲದೆ ವೇಷ ಹಾಕಿಕೊಂಡು ಹೋಗುತ್ತಿದೆ, ತೇಪೆ ಹಚ್ಚುತ್ತಿದೆ ಎಂಬ ಪಟ್ಟಿಯೇ ಸಿಗುತ್ತದೆ.

ತಾಣದವರಿಗೆ ಬರೆಯುವಾಗ ಸಿಟ್ಟು ಬೇಡ, ವಿವರ ಬೇಕು. ನಾನು ಬರೆಯುವುದು ಹೀಗೆ: “ಇಂಥ ದಿನ ಇಷ್ಟು ಗಂಟೆಗೆ ನಿಮ್ಮ ಈ ವಿಳಾಸವನ್ನು ಈ ಬ್ರೌಸರ್‌ನ ಈ ಆವೃತ್ತಿಯಲ್ಲಿ ತೆರೆದಾಗ ಜೊತೆಗಿರುವ ಚಿತ್ರದಲ್ಲಿನ ಸಂದೇಶ ಬಂತು. ಯೂಸರ್ ಏಜೆಂಟ್ ಒಂದನ್ನೇ ಕ್ರೋಮ್ ಎಂದು ಬದಲಿಸಿದಾಗ ಅರ್ಜಿಯ ಎಲ್ಲ ಹಂತಗಳೂ ಕೆಲಸ ಮಾಡಿದವು. ಹೆಸರಿನ ಪರಿಶೀಲನೆಯನ್ನು ತೆಗೆಯಬೇಕು, ಇಲ್ಲವೇ ಎಚ್ಚರಿಕೆ ತೋರಿಸಿ ಮುಂದುವರಿಯಲು ಗುಂಡಿ ಕೊಡಬೇಕು ಎಂದು ಕೋರುತ್ತೇನೆ.” ಎರಡನೆಯ ವಾಕ್ಯವೇ ಜೀವಾಳ. ಅದನ್ನು ಓದಿದ ತಂತ್ರಜ್ಞನಿಗೆ ‘ನಿಮ್ಮ ಬ್ರೌಸರ್ ಸರಿಯಿಲ್ಲ’ ಎಂದು ಉತ್ತರಿಸಲು ಜಾಗವೇ ಉಳಿಯುವುದಿಲ್ಲ. ರೇ ಐಡಿ ಇದ್ದರೆ ಸೇರಿಸಿ. ಅದನ್ನು ಹಿಡಿದು ಅವರು ತಮ್ಮ ಕಾವಲು ಕಂಪನಿಯ ದಾಖಲೆಯಲ್ಲಿ ಕಾರಣ ನೋಡಬಲ್ಲರು.

ಸರ್ಕಾರಿ ತಾಣವಾದರೆ ನಿಮ್ಮ ಕೈ ಸ್ವಲ್ಪ ಗಟ್ಟಿ. ಕೇಂದ್ರ ಸರ್ಕಾರ 2009ರಲ್ಲಿ ಹೊರಡಿಸಿ 2023ರಲ್ಲಿ ಮೂರನೆಯ ಆವೃತ್ತಿಗೆ ತಂದ ಜಾಲತಾಣ ಮಾರ್ಗಸೂಚಿ ಇದೆ, ಜಿಐಜಿಡಬ್ಲ್ಯು ಎನ್ನುತ್ತಾರೆ. ತಾಣಗಳು ಎಲ್ಲರಿಗೂ, ಎಲ್ಲ ಬಗೆಯ ಸಾಧನಗಳಲ್ಲೂ ದಕ್ಕಬೇಕೆಂಬುದೇ ಅದರ ಆಶಯ. ದೂರಿನಲ್ಲಿ ಅದರ ಹೆಸರೆತ್ತಿ. ಕೇಂದ್ರದ ಇಲಾಖೆಯಾದರೆ ಸಿಪಿಗ್ರಾಮ್ಸ್ ಎಂಬ ದೂರು ತಾಣದಲ್ಲಿ, ಕರ್ನಾಟಕದ ಇಲಾಖೆಯಾದರೆ ಜನಸ್ಪಂದನದಲ್ಲಿ ಅಥವಾ 1902 ಸಹಾಯವಾಣಿಯಲ್ಲಿ ಕೊಡಬಹುದು. ‘ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಚೆನ್ನಾಗಿ ಕಾಣುತ್ತದೆ’ ಎಂಬ ಅಡಿಬರಹವನ್ನು ನಾವು ಎಷ್ಟು ವರ್ಷ ನೋಡಿದೆವೋ! 2022ರ ಜೂನ್ 15ರಂದು ಆ ಬ್ರೌಸರ್‌ಗೆ ಮೈಕ್ರೋಸಾಫ್ಟೇ ಬೆಂಬಲ ನಿಲ್ಲಿಸಿತು. ಅಡಿಬರಹ ಹೋಗಿ ಅದೇ ಜಾಗಕ್ಕೆ ಕ್ರೋಮ್‌ನ ಹೆಸರು ಬಂತು, ಚಾಳಿ ಹೋಗಲಿಲ್ಲ. ಕೇಂದ್ರ ಸರ್ಕಾರವೇ 2023ರಲ್ಲಿ ದೇಶೀ ಬ್ರೌಸರ್ ಕಟ್ಟುವ ಸ್ಪರ್ಧೆ ಏರ್ಪಡಿಸಿ, 2025ರಲ್ಲಿ ಜೋಹೊ ಕಂಪನಿಗೆ ಒಂದು ಕೋಟಿ ರೂಪಾಯಿಯ ಮೊದಲ ಬಹುಮಾನ ಕೊಟ್ಟಿದೆ. ಜೋಹೊದ ಉಲಾ ಕ್ರೋಮಿಯಂ ಮೇಲೆ ಕಟ್ಟಿದ್ದಾದ್ದರಿಂದ ಅದಕ್ಕೆ ಅಷ್ಟು ತೊಂದರೆಯಾಗಲಿಕ್ಕಿಲ್ಲ. ನಾಳೆ ಯಾರಾದರೂ ಸ್ವಂತ ಎಂಜಿನ್‌ನ ಬ್ರೌಸರ್ ಕಟ್ಟಿದರೆ ಮೊದಲು ಬಾಗಿಲು ಹಾಕುವುದು ನಮ್ಮ ತಾಣಗಳೇ.

ಓದುಗರಲ್ಲಿ ತಾಣ ಕಟ್ಟುವವರಿದ್ದರೆ ಒಂದೇ ಮಾತು: ಹೆಸರು ಕೇಳಬೇಡಿ, ಬೇಕಾದ ವಿದ್ಯೆ ಬರುತ್ತದೆಯೇ ಕೇಳಿ. ಕ್ಯಾಮೆರಾ ಬೇಕಿದ್ದರೆ ಕ್ಯಾಮೆರಾ ಸೌಲಭ್ಯ ಇದೆಯೇ ಎಂದು ಎರಡು ಸಾಲಿನಲ್ಲಿ ಪರೀಕ್ಷಿಸಬಹುದು. ಹೆಸರು ಮತ್ತು ಆವೃತ್ತಿ ನೋಡುವ ಸಾಲುಗಳು ಎಷ್ಟು ಬೇಗ ಕೊಳೆಯುತ್ತವೆ ಎಂಬುದಕ್ಕೆ, ಫೈರ್‌ಫಾಕ್ಸ್ 110 ಬರುವ ಹೊತ್ತಿಗೆ ನಡೆದದ್ದನ್ನು ನೋಡಿ. ಚೀಟಿಯಲ್ಲಿ ‘ಆರ್‌ವಿ:11’ ಎಂದು ಶುರುವಾಗುವುದನ್ನು ಹುಡುಕಿ ಎಕ್ಸ್‌ಪ್ಲೋರರ್ 11 ಎಂದು ತೀರ್ಮಾನಿಸುವ ತಾಣಗಳು 110ನ್ನೂ ಹನ್ನೊಂದೆಂದು ಓದಿದವು. ಕೊನೆಗೆ 119ರವರೆಗೂ ಫೈರ್‌ಫಾಕ್ಸ್ ಆ ಜಾಗದಲ್ಲಿ 109 ಎಂದೇ ಬರೆದುಕೊಂಡು ಓಡಾಡಬೇಕಾಯಿತು.

ಹೆಜ್ಜೆ 7: ವೇಷ ಕಳಚುವ ದಿನ ಗೊತ್ತುಮಾಡಿ

ತಾಣವಾರು ಹಾಕಿದ ಸಾಲುಗಳು ತಾವಾಗಿಯೇ ಹೊಸದಾಗುವುದಿಲ್ಲ. ಇಂದು ಹಾಕಿದ ಕ್ರೋಮ್‌ನ ಆವೃತ್ತಿ ಸಂಖ್ಯೆ ಮುಂದಿನ ವರ್ಷಕ್ಕೆ ಹಳಸಿ, ನೀವು ಮರೆತ ಮೇಲೆ ಕೈ ಕೊಡುತ್ತದೆ. ಹಾಕಿದ ದಿನವೇ ತಾಣದ ಹೆಸರು, ತಾರೀಖು, ಕಾರಣ ಮೂರನ್ನೂ ಒಂದು ಕಡೆ ಬರೆದಿಡಿ. ನಾನು ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯುತ್ತೇನೆ. ಸಂಕ್ರಾಂತಿಯ ಹೊತ್ತಿಗೆ ಹಳೆಯ ಕ್ಯಾಲೆಂಡರ್ ಇಳಿಸುವಾಗ ಒಂದೊಂದೇ ಸಾಲು ಅಳಿಸಿ ತಾಣ ತೆರೆದು ನೋಡುತ್ತೇನೆ. ಈ ಸಲ ಏಳರಲ್ಲಿ ಮೂರು ವೇಷವಿಲ್ಲದೆಯೇ ತೆರೆದುಕೊಂಡವು. ಆ ಹುಡುಗಿಯ ಅರ್ಜಿ ತಾಣ ಉಳಿದ ನಾಲ್ಕರಲ್ಲಿದೆ, ಎರಡನೆಯ ದೂರು ಬರೆದಾಗಿದೆ.